ಮಾಳಗಿಯ ಮಣ್ಣು

ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಚೀಲ ಹೊಲಿಯುವ ಅಹಮದಸಾಬನ ಕೈ ಎಂದರೆ ಕೈ. ಕಾಳು ತುಂಬಿದ ಚೀಲದ ಬಾಯಿಗೆ ದಬ್ಬಣ ಚುಚ್ಚಿ, ಸುತಳಿ ಎಳೆದು, ಕೊನೆಯ ಗಂಟು ಬಿಗಿಯುವಷ್ಟರಲ್ಲಿ ಪಕ್ಕದವರು ಇನ್ನೂ ಎಲೆಗೆ ಸುಣ್ಣ ಹಚ್ಚುತ್ತಿರುತ್ತಿದ್ದರು. ಅಂಥವನ ಕೈ ಆ ಶುಕ್ರವಾರ ಅರ್ಧ ಚೀಲಕ್ಕೇ ನಿಂತಿತು. ಎದುರಿಗೆ ಪಾಲಿಕೆಯ ನೌಕರ ಶಶಿಕುಮಾರ ಒಂದು ಕಾಗದ ಹಿಡಿದು ನಿಂತಿದ್ದ. ಮೂರು ದಿನದ ಜಿಟಿಜಿಟಿ ಮಳೆಗೆ ಅವನ ಪ್ಯಾಂಟು ಮೊಣಕಾಲಿನತನಕ ಕೆಸರಾಗಿತ್ತು.

“ಉಜ್ಮಾನ ಪಾಲಕರು ನೀವ ಏನ್ರಿ?”

“ಹೌದ್ರಿ. ಸಾಲ್ಯಾಗೂ ನಾನ ಸಹಿ ಮಾಡ್ತೇನಿ.”

“ಅಕಿ ಅವ್ವನ ಮನಿ ಐತೆಲ್ರಿ, ಹಳೇ ಊರಾಗ, ಮಣ್ಣಿನ ಮಾಳಗೀದು. ಹಿಂದಿನ ಗ್ವಾಡಿ ಬಿರುಕು ಬಿಟ್ಟೈತಿ. ಬಾಜೂಕಿನವರು ಅರ್ಜಿ ಕೊಟ್ಟಾರ. ಸೋಮವಾರ ಮುಂಜಾನೆ ಜೆಸಿಬಿ ಬರತೈತ್ರಿ. ಒಳಗೇನರ ಸಾಮಾನ ಇದ್ರ…”

“ಸಾಮಾನೇನಿಲ್ರಿ. ಕೆಡವ್ರಿ.”

ಶಶಿಕುಮಾರ ಅವನ ಮುಖವನ್ನೇ ನೋಡಿದ. ಇಂಥ ಕಾಗದ ಹಿಡಿದು ಹೋದಲ್ಲೆಲ್ಲ ಬೈಗುಳ ತಿಂದು ಅಭ್ಯಾಸವಾದ ಮನುಷ್ಯ ಅವನು. “ತಕರಾರೇನೂ ಇಲ್ಲೇನ್ರಿ?”

“ಇವತ್ತ ಕೆಡವಿದ್ರ ಇನ್ನೂ ಛಲೋ,” ಎಂದ ಅಹಮದಸಾಬ.

ಉಜ್ಮಾನ ಅವ್ವ ನಿಶಾತ ಇದೇ ಶೆಡ್ಡಿನಲ್ಲಿ, ಅವನಿಂದ ನಾಲ್ಕು ಮೊಳ ದೂರ ಕೂತು, ಹನ್ನೆರಡು ವರ್ಷ ಕಾಳು ಸಾಣಿಗೆ ಹಿಡಿದವಳು. ಗಂಡ ಬಿಲಾಲ ಮಗಳಿಗೆ ಹಲ್ಲು ಬರುವ ಮೊದಲೇ ತೀರಿಕೊಂಡಿದ್ದ. ರಕ್ತಸಂಬಂಧವೇನೂ ಇರಲಿಲ್ಲ, ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಅವಳ ಪುಂಡಿಪಲ್ಯ ಇವನ ರೊಟ್ಟಿಗೆ, ಇವನ ಶೇಂಗಾಚಟ್ನಿ ಅವಳ ರೊಟ್ಟಿಗೆ ಬರುತ್ತಿತ್ತು, ಅಷ್ಟೇ. ಹೋದ ವರ್ಷ ಕಾಮಣಿಯಾಗಿ, ಕಣ್ಣು ಹಳದಿಗಟ್ಟಿ ಆಸ್ಪತ್ರೆ ಸೇರಿದವಳು ಇಪ್ಪತ್ತು ದಿನಕ್ಕೆ ಹೋಗಿಯೇಬಿಟ್ಟಳು. ಹೋಗುವ ಮುಂಚೆ ಮಗಳ ಕೈಯನ್ನು ಅವನ ಕೈಯೊಳಗಿಟ್ಟು, “ಕಾಕಾ, ಇಕಿಗೆ ಬ್ಯಾರೆ ಯಾರದಾರ?” ಅಂದಿದ್ದಳು. ನಲವತ್ತು ವರ್ಷ ಒಬ್ಬನೇ ರೊಟ್ಟಿ ಸುಟ್ಟುಕೊಂಡು ತಿಂದ ಮನುಷ್ಯ, ಹಿಂದೆಮುಂದೆ ನೋಡದೆ, “ನಾ ಅದೇನಿ” ಎಂದುಬಿಟ್ಟಿದ್ದ. ಜಮಾತಿನ ಹಿರಿಯರು, ಸಾಲಿಯ ಟೀಚರು ಎಲ್ಲರೂ ಒಪ್ಪಿದರು. ಅವತ್ತೇ ಹುಡುಗಿಯನ್ನು ಆಸ್ಪತ್ರೆಯಿಂದ ನೇರ ಕಮರಿಪೇಟೆಯ ತನ್ನ ಕೋಣೆಗೆ ಕರೆದುಕೊಂಡು ಹೋದ. ಅವಳ ಬಟ್ಟೆಬರೆಯನ್ನೂ ಪಾತ್ರೆಗಳನ್ನೂ ಬಾಜೂಕಿನವರ ಕೈಲೇ ತರಿಸಿದ. ಆ ಮನೆಗೆ ಬೀಗ ಜಡಿಸಿ ಕೀಲಿಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ತಾನು ಹೊಸ್ತಿಲು ತುಳಿಯಲಿಲ್ಲ, ಹುಡುಗಿಗೂ ತುಳಿಯಗೊಡಲಿಲ್ಲ.

ಸಂಜೆ ಸಾಲಿ ಬಿಟ್ಟು ಶೆಡ್ಡಿಗೆ ಬಂದ ಉಜ್ಮಾ ಕಾಗದವನ್ನು ಎರಡು ಸಲ ಓದಿದಳು. ಹನ್ನೊಂದು ವರ್ಷದ ಹುಡುಗಿ. ಓದುವಾಗ ತುಟಿ ಅಲ್ಲಾಡಿಸುವ ಚಾಳಿ. ಓದಿ ಮಡಚಿ ಅವನ ಮುಂದಿಟ್ಟಳು.

“ಅಜ್ಜಾ, ಅದನ್ನ ಕೆಡವೂದ್ರಾಗ ನಾ ಒಮ್ಮೆ ಒಳಗ ಹೋಗಬೇಕ್ರಿ.”

“ಏನೈತಿ ಅಲ್ಲಿ? ಏನೂ ಇಲ್ಲ.”

“ಏನೂ ಇಲ್ದಿದ್ರ ಏನೂ ತರೂದಿಲ್ರಿ. ಸುಮ್ನ ಹೋಗಿ ಬರ್ತೇನಿ.”

“ಬ್ಯಾಡ ಅಂದ್ರ ಬ್ಯಾಡ, ಉಜ್ಮಾ.”

ಅವನು ಅವಳಿಗೆ ಗದರಿದ್ದು ಅದೇ ಮೊದಲು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಕಮರಿಪೇಟೆಯಲ್ಲಿ ಅವನಿದ್ದದ್ದು ತಗಡಿನ ಒಂದು ಕೋಣೆ. ಮನೆಯ ಮಾಲಕಿ ಗುಲ್ಜಾರಬಿ ಅಂಗಳದ ಆಚೆ ಬದಿಗೆ ಇರುತ್ತಿದ್ದಳು. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು, ಕೈಯ ರೊಟ್ಟಿಗೆ ಇಡೀ ಓಣಿ ಕಾಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನ ಬಾಗಿಲಿಗೆ ಬಂದಳು.

“ಅಹಮದಣ್ಣಾ, ಹುಡಿಗಿ ನಿನ್ನೆ ರಾತ್ರಿನೂ ಉಂಡಿಲ್ಲ, ಈಗ ಚಹಾನೂ ಕುಡೀದ ಸಾಲಿಗೆ ಹೋದ್ಳು. ಏನಂದಿ ಅಕಿಗೆ?”

“ಏನೂ ಅಂದಿಲ್ಲ.”

“ನೀ ಏನೂ ಅನ್ನಂಗಿಲ್ಲ, ಅದ ನಿನ್ನ ರೋಗ. ನಲವತ್ತ ವರ್ಸ ಆತು, ಈ ತಗಡಿನ್ಯಾಗ ಹಂಚಿನ ಮ್ಯಾಲಿನ ರೊಟ್ಟಿಗತೆ ಬೇಯಾಕತ್ತಿ. ನಮ್ಮ ಹಿಂದಿನ ಮಾಳಗಿ ಮನಿ ತಂಪಗ ಐತಿ, ಅಲ್ಲಿರು ಅಂದ್ರ ಒಲ್ಲಿ. ಅದನ್ನ ಕೆಡವಿ ಸ್ಲ್ಯಾಬ್ ಹಾಕಿಸಿದೆ, ಬಾ ಅಂದ್ರ ಅದೂ ಒಲ್ಲಿ. ಯಾಕಪಾ ಅಂತ ಕೇಳಿದ್ರ ಮಕಾ ತಿರುವಿ ಕುಂದರತಿ. ನಾ ಕೇಳಿ ಕೇಳಿ ಮುದುಕಿ ಆದೆ, ಈಗ ಆ ಕೂಸೂ ಮುದುಕಿ ಆಗಬೇಕೇನ?”

ಅವನು ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಟ. ಉತ್ತರ ಕೊಡಲು ಅವನಿಗೆ ಇಷ್ಟವಿಲ್ಲವೆಂದಲ್ಲ. ಆ ಮಾತು ಐವತ್ತೆರಡು ವರ್ಷ ಒಳಗೇ ಇದ್ದು ಇದ್ದು ನಾಲಿಗೆಗೆ ಅದರ ದಾರಿಯೇ ಮರೆತುಹೋಗಿತ್ತು.

ಅವನದು ಕುಂದಗೋಳದ ಕಡೆಯ ಒಂದು ಹಳ್ಳಿ. ಅಲ್ಲಿನ ಮನೆಗಳೆಲ್ಲ ಮಾಳಗಿಯವು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು, ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮೊಳದಷ್ಟು ಮಣ್ಣು. ಆ ಮಣ್ಣೇ ಚಾವಣಿ. ಪ್ರತಿ ವರ್ಷ ಮಿರಗದ ಮಳೆ ಬೀಳುವ ಮುಂಚೆ ಹಳ್ಳದಿಂದ ಕರಲು ಮಣ್ಣು ತಂದು ಹೊಸದಾಗಿ ಹಾಸಬೇಕು. ಆದರೆ ಅದಕ್ಕೊಂದು ಲೆಕ್ಕವಿದೆ: ಎಷ್ಟು ಹೊಸದು ಹಾಕುತ್ತೀಯೋ ಅಷ್ಟು ಹಳೆಯದನ್ನು ಮೊದಲು ಕೆರೆದು ಕೆಳಗಿಳಿಸು. ಇಲ್ಲವಾದರೆ ತೊಲೆ ತಡೆಯುವುದಿಲ್ಲ. ಅಹಮದಸಾಬನ ಅಪ್ಪನಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತಿತ್ತು? ಊರವರ ಮಾಳಗಿಗಳಿಗೆಲ್ಲ ಮಣ್ಣು ಹಾಕಿಕೊಡುವುದೇ ಅವನ ಕಸುಬು.

ಒಂದು ವರ್ಷ ಸಣ್ಣ ಮಗನಿಗೆ ದಡಾರ ಎದ್ದಿತ್ತು. ಮೇಲೆ ಕೆರೆದರೆ ಜಂತಿಯ ಸಂದಿಯಿಂದ ಧೂಳು ಉದುರಿ ಮಲಗಿದ ಮಗುವಿನ ಮೈಮೇಲೆ ಬೀಳುತ್ತದೆ. ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದು ಹಾಕಿದ. ಮರುವರ್ಷ ಹೆಂಡತಿ ಬಾಣಂತಿ, ಒಳಗೆ ಎಳೆಗೂಸು. “ಕೂಸಿನ ಮೂಗಿನ್ಯಾಗ ಧೂಳ ಬೀಳತೈತಿ. ಈ ವರ್ಸನೂ ಮ್ಯಾಲೆ ಹಾಕಿಬಿಡೂನು. ಮುಂದಿನ ವರ್ಸ ಎಲ್ಲಾ ಕೂಡೇ ತಗದ್ರಾತು” ಎಂದ. ಅದು ಕಸುಬು ಗೊತ್ತಿಲ್ಲದವನ ತಪ್ಪಲ್ಲ. ಗೊತ್ತಿದ್ದೂ ಮಕ್ಕಳ ಮೇಲೆ ಒಂದು ಚಿಟಿಕೆ ಧೂಳು ಬೀಳಬಾರದೆಂದವನ ತಪ್ಪು.

ಎಂಟು ವರ್ಷದ ಅಹಮದ ನಿಚ್ಚಣಿಕೆ ಹತ್ತಿ ಹತ್ತಿ ಬುಟ್ಟಿ ಏರಿಸಿದ. ನಲವತ್ತೊಂದು ಬುಟ್ಟಿ. ಒಂದೊಂದಕ್ಕೂ ಜೋರಾಗಿ ಎಣಿಸಿದ. ಅಪ್ಪ ಬೆನ್ನು ತಟ್ಟಿ, “ನನ್ನ ಅರ್ಧಾ ಬಲಾ ಇಂವಾ” ಅಂದಾಗ ಬೆಳಕಿಂಡಿಯಿಂದ ಬಗ್ಗಿ ಕೆಳಗಿದ್ದ ಅವ್ವನಿಗೆ ಕೂಗಿ ಹೇಳಿದ, “ಯವ್ವಾ, ನಲವತ್ತೊಂದು!”

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ಅತ್ತೆಯನ್ನು ಕರೆದು ಬಾ ಎಂದು ಅವನನ್ನು ಪರಿಚಯದವರ ಜೊತೆ ಬಸ್ಸು ಹತ್ತಿಸಿದರು. ಆ ರಾತ್ರಿಯಿಂದ ಮಳೆ ಹಿಡಿಯಿತು. ಎರಡು ದಿನ ಬಸ್ಸು ಹೊರಡಲಿಲ್ಲ. ಮೂರನೆಯ ದಿನ ಅತ್ತೆಯ ಕೈ ಹಿಡಿದು ಊರಿಗೆ ಬಂದರೆ ಮನೆ ಇದ್ದಲ್ಲಿ ಒಂದು ದಿಬ್ಬ. ಓಡಿದವನನ್ನು ನಾಲ್ಕು ಜನ ರಟ್ಟೆ ಹಿಡಿದು ನಿಲ್ಲಿಸಿದರು. “ಹುಡುಗಗ ತೋರಿಸಬ್ಯಾಡ್ರಪಾ” ಎಂದರು ಹಿರಿಯರು. ಮುಖ ಕೂಡ ನೋಡಗೊಡಲಿಲ್ಲ. ಅಪ್ಪ, ಅವ್ವ, ಅಕ್ಕ, ತಮ್ಮ, ಕೂಸು, ಎಲ್ಲರ ಮೇಲೂ ಕಬರಸ್ತಾನದಲ್ಲಿ ಮಣ್ಣು ಬಿದ್ದ ಮೇಲೆ ಅವನನ್ನು ಬಿಟ್ಟರು. ಕಮರಿಪೇಟೆಗೆ ವಾಪಸು ತಂದ ಅತ್ತೆ, “ಆದದ್ದಾತು, ಅದನ್ನ ಬಾಯಾಗ ತರಬ್ಯಾಡ” ಎಂದಳು. ಒಳ್ಳೆಯದಕ್ಕೇ ಹೇಳಿದ್ದಳು, ಪಾಪ. ಅವನು ತರಲಿಲ್ಲ. ಆದರೆ ನಲವತ್ತೊಂದು ಎಂಬ ಸಂಖ್ಯೆ ಚೀಲದ ಹೊಲಿಗೆಯಲ್ಲೋ ಬಸ್ಸಿನ ಚೀಟಿಯಲ್ಲೋ ಎದುರಾದರೆ ಇವತ್ತಿಗೂ ಅವನು ಹೊಲಿಗೆಗೆ ಇನ್ನೊಂದು ಸೇರಿಸುತ್ತಾನೆ, ಚೀಟಿಯನ್ನು ನೋಡದೆ ಮಡಚಿಡುತ್ತಾನೆ.

ಶನಿವಾರ ಅರ್ಧ ದಿನದ ಸಾಲಿ. ಹನ್ನೆರಡಕ್ಕೆ ಶೆಡ್ಡಿಗೆ ಬರಬೇಕಾದ ಉಜ್ಮಾ ಒಂದಾದರೂ ಬರಲಿಲ್ಲ. ಅಹಮದಸಾಬ ದಬ್ಬಣವನ್ನು ಚೀಲಕ್ಕೇ ಚುಚ್ಚಿಬಿಟ್ಟು ಎದ್ದ. ಎಲ್ಲಿಗೆ ಹೋಗಿರುತ್ತಾಳೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಳೆಯಲ್ಲಿ, ಚಪ್ಪಲಿ ಕೆಸರಿಗೆ ಕಚ್ಚಿಕೊಂಡದ್ದನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಹಳೆಯ ಊರಿನ ತನಕ ಓಡಿದ.

ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಪಾಟೀಚೀಲ ತೊಡೆಯ ಮೇಲೆ, ಮೇಲೆ ಕೊಡೆ. ಬೆನ್ನ ಹಿಂದೆ ಬೀಗ ಹಾಕಿದ ಬಾಗಿಲು. ಅವಳ ತಲೆಯ ಮೇಲೆ ಮಾಳಗಿಯ ಅಂಚು ನೀರು ಕುಡಿದು ಕಪ್ಪಾಗಿ ಜೋತಿತ್ತು.

“ಏಳು! ಏಳಂತೇನಿ!” ಅವನು ರಟ್ಟೆ ಹಿಡಿದು ಎಳೆದು ಓಣಿಯ ನಡುವೆ ತಂದು ನಿಲ್ಲಿಸಿದ. “ಮ್ಯಾಲೆ ಬಿದ್ದಿದ್ರ? ಹಾಂ? ಬಿದ್ದಿದ್ರ ಏನ್ ಮಾಡ್ತಿದ್ದಿ?”

“ಕೀಲಿಕೈ ಕೊಡ್ರಿ ಅಂತ ನಾ ಕೇಳಾಕತ್ತಿಲ್ಲಲ್ರಿ,” ಎಂದಳು ಉಜ್ಮಾ. ಕಣ್ಣು ಕೆಳಗಾಗಲಿಲ್ಲ. “ಒಳಗ ಬ್ಯಾಡಂದ್ರಿ, ಹೋಗಲಿಲ್ಲ. ಹೊರಗರ ಕುಂದರತೇನಿ. ಅವ್ವನ್ನ ದವಾಖಾನಿಗೆ ಒಯ್ದಾಗ ನಾ ಸಾಲ್ಯಾಗಿದ್ದೆ. ಆಮ್ಯಾಲೆ ದವಾಖಾನ್ಯಾಗ ಅವ್ವನ ಕಡೇನ ಇದ್ದೆ, ಮನಿಗೇ ಬರಲಿಲ್ಲ. ನಮ್ಮನಿ ಹ್ಯಾಂಗಿತ್ತು ಅನ್ನೂದು ಮರೀತೈತ್ರಿ ನನಗ. ಅವ್ವನ ಮಗ್ಗಲದಾಗ ಮಲಗಿದ್ರ ಒಲಿ ಯಾವ ಕಡೆ ಕಾಣ್ತಿತ್ತು ಅನ್ನೂದ ನಿನ್ನೆಯಿಂದ ನೆನಪಾಗವಲ್ದು.”

ಅವಳ ರಟ್ಟೆಯ ಮೇಲೆ ತನ್ನ ಕೈಬೆರಳು ಮೂಡಿದ್ದು ಅವನಿಗೆ ಆಗ ಕಂಡಿತು. ಕೆಂಪಗೆ, ನಾಲ್ಕು ಗೆರೆ. ಅವತ್ತು ಅವನನ್ನೂ ಹೀಗೆಯೇ ಹಿಡಿದಿದ್ದರು. ಹಿಡಿದವರು ಕೆಟ್ಟವರಲ್ಲ, ಅವರಲ್ಲಿ ಒಬ್ಬ ಅಳುತ್ತಲೂ ಇದ್ದ. ಆದರೆ ಆ ಕೈಗಳು ಅವನನ್ನು ಇನ್ನೂ ಬಿಟ್ಟಿರಲಿಲ್ಲ.

ಅವನು ಕೈ ತೆಗೆದ. ತಲೆಯೆತ್ತಿ ಮಾಳಗಿಯನ್ನು ಈ ತುದಿಯಿಂದ ಆ ತುದಿಯತನಕ ನೋಡಿದ. ಐವತ್ತೆರಡು ವರ್ಷದಲ್ಲಿ ಅವನು ಹಾಗೆ ನೋಡಿದ್ದು ಮೊದಲ ಸಲ, ಮಣ್ಣು ಹಾಕುವವನ ಮಗನ ಕಣ್ಣಿನಿಂದ.

“ನಾಳೆ ಒಳಗ ಹೋಗಂತಿ,” ಎಂದ. “ಈಗ ನಡಿ. ಜುಲ್ಫಿಕಾರನ ಮನಿಗೆ ಹೋಗಬೇಕು.”

ಜುಲ್ಫಿಕಾರ ಗೋಕುಲ ರಸ್ತೆಯಲ್ಲಿ ಐದಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದ ಗವಂಡಿ. ಕೇಳಿ ಬಾಯಿ ಬಿಟ್ಟ.

“ಕಾಕಾ, ತಲಿ ನೆಟ್ಟಗ ಐತಿಲ್ಲೋ? ಸೋಮವಾರ ಜೆಸಿಬಿ ಹತ್ತ ಮಿನಿಟಿನ್ಯಾಗ ಉರುಳಿಸೂದನ್ನ ನಾವು ಐತವಾರ ದಿನಾಪೂರ್ತಿ ಬುಟ್ಟೀಲೆ ಇಳಿಸಬೇಕಾ?”

“ಜೆಸಿಬಿ ಕೆಡವತೈತಿ. ನಾವು ಹಗುರ ಮಾಡೂನು. ಮ್ಯಾಲಿನ ಭಾರ ಇಳಿಸಿದ್ರ ಹುಡಿಗಿ ಒಳಗ ಹೋಗಿ ಬರಬಹುದು.”

“ಐತವಾರ ಒಂದ ದಿನಾ ನಾ ಮನ್ಯಾಗ ಮಲಗೂದು.”

“ಗುಲ್ಜಾರಬಿ ಕೈಲೆ ರೊಟ್ಟಿ, ಬದನಿಕಾಯಿ ಮಾಡಿಸ್ತೇನಿ.”

“ಹಂಗನ್ನು ಮತ್ತ! ಎಷ್ಟೊತ್ತಿಗೆ ಬರಲಿ?”

ಭಾನುವಾರ ಮಳೆ ಹೊಳವಾಯಿತು. ಜುಲ್ಫಿಕಾರ ತನ್ನ ಕೆಲಸದ ಜಾಗದಿಂದ ನಾಲ್ಕು ಕಬ್ಬಿಣದ ಕಂಬ ತಂದು, ಬೀಗ ತೆಗೆಸಿ, ಒಳಗೆ ತೊಲೆಯ ಕೆಳಗೆ ಆಸರೆ ಕೊಟ್ಟು, ಮತ್ತೆ ಬೀಗ ಹಾಕಿಕೊಂಡು ಬಂದ. ನಿಚ್ಚಣಿಕೆ ಹಾಕಿದರು. ಅಹಮದಸಾಬ ಲುಂಗಿ ಕಚ್ಚೆ ಕಟ್ಟಿ ಮೇಲೆ ಹತ್ತಿದ. ಮೇಲೆ ನಿಂತ ಕೂಡಲೇ ಯಾರೋ ಕಲಿಸಿಕೊಟ್ಟ ಹಾಗೆ ಮಾತು ಬಂತು.

“ನಡುವ ಕಾಲಿಡಬ್ಯಾಡ. ಗ್ವಾಡಿ ಮ್ಯಾಲ ಹಲಗಿ ಹಾಕ್ಕೊಂಡ ನಿಂದ್ರು. ಎರಡೂ ಕಡಿಂದ ಸಮ ಸಮ ತಗೀಬೇಕು. ಒಂದ ಕಡೆ ಹಗುರಾತಂದ್ರ ತೊಲಿ ಹೊಳ್ಳತೈತಿ.”

“ಚೀಲಾ ಹೊಲಿಯಾಂವ ನೀ, ಇದನ್ನ ಎಲ್ಲಿ ಕಲ್ತಿ?”

“ಅಪ್ಪನ ಕಡೆ,” ಎಂದ ಅಹಮದಸಾಬ. ಅಷ್ಟು ಸಣ್ಣ ಮಾತು. ಜುಲ್ಫಿಕಾರನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಲಿಕೆ ಕಚ್ಚಿದಲ್ಲಿ ಮಣ್ಣಿನ ಪದರು ಪದರು ಕಂಡವು. ಬೂದಿ ಬಣ್ಣದ್ದು, ಬಿಳುಚು, ಮತ್ತೆ ಬೂದಿ. ಒಂದೊಂದು ಮಳೆಗಾಲಕ್ಕೆ ಒಂದೊಂದು. ಮೇಲಿನ ತೆಳುವಾದ ಪದರುಗಳು ನಿಶಾತ ಒಬ್ಬಳೇ ಹೊತ್ತು ಹಾಕಿದ್ದಿರಬೇಕು. ಅವಳೂ ಹಳೆಯದನ್ನು ತೆಗೆದಿರಲಿಲ್ಲ. ಕೆಳಗೆ ಮಗಳು ಮಲಗಿರುತ್ತಿದ್ದಳಲ್ಲ.

ಒದ್ದೆ ಮಣ್ಣಿನ ಬುಟ್ಟಿ ಹಗ್ಗದಲ್ಲಿ ಕೆಳಗಿಳಿಯುತ್ತಿತ್ತು. ಕೆಳಗೆ ಎದುರು ಮನೆಯ ಜಗುಲಿಯಲ್ಲಿ ಗುಲ್ಜಾರಬಿ ಬುತ್ತಿಯ ಗಂಟು ಇಟ್ಟುಕೊಂಡು ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಸುರಿದ ಬುಟ್ಟಿಯನ್ನು ಉಜ್ಮಾ ತಲೆಯ ಮೇಲಿಟ್ಟುಕೊಂಡು ನಿಚ್ಚಣಿಕೆಯ ಕಡೆ ಬರುವುದನ್ನು ಕಂಡು ಅಹಮದಸಾಬ ಮೇಲಿನಿಂದಲೇ ಚೀರಿದ.

“ಇಡು ಕೆಳಗ! ಬುಟ್ಟಿ ಮುಟ್ಟಬ್ಯಾಡ ನೀ!”

ಹುಡುಗಿ ಬೆಚ್ಚಿ ನಿಂತಳು. “ಖಾಲಿ ಬುಟ್ಟಿನೋ ಅದು!” ಎಂದು ಗುಲ್ಜಾರಬಿ ಕೂಗಿದಳು. “ಖಾಲಿ ಬುಟ್ಟಿ ಹೊತ್ತರ ಯಾರೂ ಸಾಯಂಗಿಲ್ಲ!”

ಅಹಮದಸಾಬ ನಿಚ್ಚಣಿಕೆಯ ನಾಲ್ಕು ಮೆಟ್ಟಿಲು ಇಳಿದ. ಆಮೇಲೆ ಕೈ ಕೆಳಗೆ ಚಾಚಿ, “ತಾ, ಕೊಡವ್ವಾ” ಎಂದು ಅವಳ ಕೈಯಿಂದ ಇಸಿದುಕೊಂಡ.

ಅವನು ಎಣಿಸಬಾರದೆಂದೇ ಇದ್ದ. ಆದರೂ ಒಳಗೆ ಯಾರೋ ಎಣಿಸುತ್ತಿದ್ದರು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ನಲವತ್ತೊಂದನೆಯ ಬುಟ್ಟಿ ಕೆಳಗೆ ಹೋಯಿತು. ಅವನು ಗೋಡೆಯ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಕೆಸರೂ ನೀರೂ ಕೂಡಿ ಇಳಿಯಿತು. ಮುದುಕ ದಣಿದ ಎಂದುಕೊಂಡ ಜುಲ್ಫಿಕಾರ ಸಲಿಕೆ ಊರಿ ನಿಂತ.

“ಕಾಕಾ, ಸಾಕೇನು? ಇಳೀತಿಯೇನು?”

ಜುಲ್ಫಿಕಾರ ಮತ್ತೆ ಕೇಳಲಿಲ್ಲ, ಅವನು ಒಳ್ಳೆಯವ. ಕೊನೆಗೆ ಅಹಮದಸಾಬ ಮೂಗು ಒರೆಸಿಕೊಂಡು ಎದ್ದ.

“ಮುಂದಿಂದು ಕೊಡು,” ಎಂದ.

ನಾಲ್ಕು ಗಂಟೆಯ ಹೊತ್ತಿಗೆ ಮಣ್ಣು ಮುಗಿದು, ಕೊಳೆತ ಸೊಪ್ಪು, ಕಟ್ಟಿಗೆ ಸೀಳು ಎಲ್ಲ ಇಳಿದು, ಜಂತಿಗಳನ್ನೂ ಕಿತ್ತು ಓಣಿಯ ಬದಿಗೆ ಒಟ್ಟಿದ್ದರು. ತೊಲೆಗಳು ಮಾತ್ರ ಉಳಿದವು. ಬಿರುಕು ಬಿಟ್ಟ ಹಿಂದಿನ ಗೋಡೆಗೆ ಜುಲ್ಫಿಕಾರ ಹೊರಗಿನಿಂದ ಎರಡು ಕಂಬ ಕೊಟ್ಟು, ಕೈಯಿಂದ ದಬ್ಬಿ ನೋಡಿ, “ಆ ಗ್ವಾಡಿ ಸಮೀಪ ಹೋಗಬ್ಯಾಡ್ರಿ, ಉಳದದ್ದು ಗಟ್ಟಿ ಐತಿ” ಎಂದ. ಅಹಮದಸಾಬ ಉಡಿದಾರದ ಕೀಲಿಕೈ ಬಿಚ್ಚಿ ಉಜ್ಮಾನ ಅಂಗೈಯಲ್ಲಿಟ್ಟ.

ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗೆಲ್ಲ ಬೆಳಕು. ಅಷ್ಟು ಬೆಳಕನ್ನು ಆ ಮನೆ ಎಂದೂ ಕಂಡಿರಲಿಲ್ಲ. ನೆಲದ ಮೇಲೆ ಉದುರಿದ ಮಣ್ಣು, ಮೂಲೆಯಲ್ಲಿ ಒಲೆ, ಒಲೆಯ ಹಿಂದೆ ಗೋಡೆಗೆ ಹತ್ತಿದ ಕರಿ. ಉಜ್ಮಾ ಚಪ್ಪಲಿ ಹೊರಗೆ ಬಿಟ್ಟು ಹೋದಳು. ಒಲೆಯ ಮುಂದೆ ನಿಂತಳು, ಹಿಂದೆ ನಾಲ್ಕು ಹೆಜ್ಜೆ ಬಂದಳು, ಮತ್ತೆ ಒಂದು ಹೆಜ್ಜೆ ಆಚೆ ಸರಿದಳು. ಆಮೇಲೆ ಓಢಣಿ ಹಾಸಿ ಬಲಮಗ್ಗಲಾಗಿ ಮಲಗಿದಳು. ತನ್ನ ಬೆನ್ನ ಹಿಂದೆ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟಿದ್ದಳು.

“ಈ ಕಡೆ,” ಎಂದಳು ಮೆಲ್ಲಗೆ. “ಒಲಿ ಈ ಕಡೆ ಇತ್ತು. ಅವ್ವ ಹಿಂದ.” ಹಾಗೇ ಮಲಗಿ ಅತ್ತಳು. ಒಂದು ವರ್ಷದಲ್ಲಿ ಅವಳು ಸದ್ದು ಮಾಡಿ ಅತ್ತದ್ದು ಅವತ್ತೇ. ಹೊರಗೆ ಗುಲ್ಜಾರಬಿ ಕೂಡ ಬಾಯಿ ಮುಚ್ಚಿಕೊಂಡು ಕೂತಳು.

ಅಹಮದಸಾಬ ಹೊಸ್ತಿಲ ಆಚೆಯೇ ನಿಂತಿದ್ದ.

ಅಳು ಇಳಿದ ಮೇಲೆ ಉಜ್ಮಾ ಮೂಗೆಳೆದುಕೊಂಡು ತಿರುಗಿ ನೋಡಿದಳು. “ಬರ್ರಿ ಅಜ್ಜಾ. ಮ್ಯಾಲೆ ಏನೂ ಇಲ್ಲ.”

ಅವನು ಮೇಲೆ ನೋಡಿದ. ಹೌದು, ಬರಿ ತೊಲೆಗಳು, ಅವುಗಳ ಮೇಲೆ ಏನೂ ಇರಲಿಲ್ಲ. ಮೋಡ ಹರಿದು ಒಂದು ಕಡೆ ಬಿಳಿ ಆಕಾಶ. ಹೊಸ್ತಿಲು ದಾಟಿದ. ಅವಳ ಹತ್ತಿರ ನೆಲಕ್ಕೆ ಕೂತ.

“ನಿಮ್ಮನ್ಯಾಗ ಯಾರ್ಯಾರು ಎಲ್ಲೆಲ್ಲಿ ಮಲಗ್ತಿದ್ರಿ?” ಎಂದು ಕೇಳಿದಳು ಹುಡುಗಿ, ಇದು ದಿನಾ ಕೇಳುವ ಮಾತೇನೋ ಎಂಬ ಹಾಗೆ.

ಅವರು ಹೇಗೆ ಹೋದರೆಂದು ಕೇಳಿದ್ದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಎಲ್ಲಿ ಮಲಗುತ್ತಿದ್ದರು ಎಂದು ಯಾರೂ, ಒಬ್ಬರೂ, ಯಾವತ್ತೂ ಕೇಳಿರಲಿಲ್ಲ. ಇಷ್ಟು ವರ್ಷ ಅವನಿಗೆ ಅವರೆಲ್ಲ ಮಣ್ಣಿನ ಕೆಳಗೇ ಇದ್ದರು. ಈಗ ನೋಡಿದರೆ ಹಾಸಿಗೆಯ ಮೇಲಿದ್ದರು.

“ಬಾಗಲದ ಕಡೆ ಅಪ್ಪ,” ಎಂದ. ದನಿ ತನ್ನದಲ್ಲ ಅನ್ನಿಸಿತು. “ಅಪ್ಪನ ಬಾಜೂಕ ನಾ. ನನ್ನ ಬಾಜೂಕ ಅಕ್ಕ ದಾವಲಬಿ. ಅಕಿ ನಿದ್ದ್ಯಾಗ ಒದೀತಿದ್ಲು.”

“ಯಾಕ್ರಿ?”

“ಯಾಕೋ ಏನೋ. ಕನಸಿನ್ಯಾಗ ಒಂದ ಕಾಲಿಲೆ ಕುಂಟಲಿಪಿ ಆಡ್ತಿದ್ಲಂತ. ಒಮ್ಮೆ ಒದ್ದದ್ದಕ್ಕ ನನ್ನ ಹಲ್ಲು ಬಿತ್ತು.” ಅವನ ಗಂಟಲಿಂದ ಬಂದದ್ದು ನಗೆಯೋ ಅಳುವೋ, ಅವನಿಗೇ ತಿಳಿಯಲಿಲ್ಲ. “ಹೆಂಗೂ ಬೀಳೂ ಹಲ್ಲು ಅದು, ನಾ ಬೀಳಿಸಿಕೊಟ್ಟೆ ಅಂತ ಊರತುಂಬ ಹೇಳಿಕೋತ ಅಡ್ಡಾಡಿದ್ಲು.”

ಉಜ್ಮಾ ಎದ್ದು ಕೂತಳು. “ಆಮ್ಯಾಲೆ?”

“ಆಮ್ಯಾಲೆ ತಮ್ಮ, ಮಾಬೂ. ಅವಂಗ ಬೆಲ್ಲ ಇಲ್ದ ನಿದ್ದಿ ಬರ್ತಿದ್ದಿಲ್ಲ. ಮುಂಜಾನೆ ಎದ್ದಾಗ ಗಲ್ಲಕ್ಕ ಇರಿವಿ ಹತ್ತಿರತಿದ್ದುವು…”

ಹೊರಗೆ ನಾಲ್ಕು ಹನಿ ಬಿದ್ದವು. ಜುಲ್ಫಿಕಾರ ಬಾಗಿಲಲ್ಲಿ ಬಗ್ಗಿ, “ಕಾಕಾ, ಮಳಿ ಬಂತು, ಹೊರಗ ಬರ್ರಿನ್ನ. ಚಹಾನೂ ಆರಾಕತ್ತೈತಿ,” ಎಂದ.

“ತಡೀರಿ ಮಾಮಾ,” ಎಂದಳು ಉಜ್ಮಾ, ಕೊಡೆ ಬಿಚ್ಚಿ ಇಬ್ಬರ ತಲೆಗೂ ಹಿಡಿಯುತ್ತ. “ಅಜ್ಜ ಇನ್ನೂ ಹೇಳಾಕತ್ತಾರ.”